ಕಾರೊಳಗಿನ ಸೊಳ್ಳೆ

ನೆಲಮಂಗಲ ದಾಟಿ ಹಾಸನದ ಹೆದ್ದಾರಿ ಹಿಡಿದಿದ್ದೆವು. ಕಾರಿನ ಡೆಕ್ಕಿನಲ್ಲಿ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು. ಅವರ ದನಿ ಚೆನ್ನಾಗಿ ಕೇಳಲಿ ಎಂದೇ ಹಿಂದಿನ ವಾರ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಆಂಪ್ಲಿಫೈಯರ್ ಹಾಕಿಸಿ, ಡಿಕ್ಕಿಯಲ್ಲಿ ಸಬ್‌ವೂಫರ್ ಕೂರಿಸಿದ್ದೆ. ಕುಣಿಗಲ್ ಹತ್ತಿರ ಬಂದಾಗ ಪಲ್ಲವಿಗೂ ಚರಣಕ್ಕೂ ನಡುವಿನ ಬಿಡುವಿನಲ್ಲಿ ಅದು ಕೇಳಿಸಿತು: ಕಿವಿಯ ಪಕ್ಕದಲ್ಲೇ ಸೊಳ್ಳೆ ಸುಳಿದಂತೆ, ಸೊಂಯ್. ಆಕ್ಸಿಲರೇಟರ್ ಒತ್ತಿದರೆ ಸೊಳ್ಳೆಯ ಶ್ರುತಿ ಏರುತ್ತಿತ್ತು, ಕಾಲು ತೆಗೆದರೆ ಇಳಿಯುತ್ತಿತ್ತು. "ಅಪ್ಪಾ, ನೀವು ಗೇರ್ ಹಾಕಿದ್ದು ಸ್ಪೀಕರಲ್ಲೇ ಗೊತ್ತಾಗ್ತಿದೆ" ಎಂದಳು ಹಿಂದಿನ ಸೀಟಿನ ಮಗಳು.

ಈ ಸೊಳ್ಳೆ ನನಗೆ ಹೊಸದಲ್ಲ. ಬೆಂಗಳೂರಿನಲ್ಲೇ ಒಮ್ಮೆ ಕೇಳಿಸಿ ಅಂಗಡಿಗೆ ಮರಳಿ ಹೋಗಿದ್ದೆ. "ಆಲ್ಟರ್ನೇಟರ್ ನಾಯ್ಸ್ ಸಾರ್, ಎಲ್ಲಾ ಗಾಡೀಲೂ ಇದ್ದದ್ದೇ" ಎಂದು ಹುಡುಗನೊಬ್ಬ 600 ರೂಪಾಯಿಯ ಫಿಲ್ಟರ್ ಒಂದನ್ನು ಆಂಪ್ಲಿಫೈಯರಿನ ಪ್ಲಸ್ ವೈರಿಗೆ ಸೇರಿಸಿ ಕಳಿಸಿದ್ದ. ಊರಿನ ಗದ್ದಲದಲ್ಲಿ ಸದ್ದು ಹೋಯಿತೆಂದೇ ಅಂದುಕೊಂಡಿದ್ದೆ. ಅದು ಎಲ್ಲೂ ಹೋಗಿರಲಿಲ್ಲ.

ಹುಡುಗ ಹೇಳಿದ ಹೆಸರಿನಲ್ಲಿ ತಪ್ಪಿರಲಿಲ್ಲ. ಎಂಜಿನ್ ವೇಗದ ಜೊತೆ ಏರಿಳಿಯುವ ಸದ್ದಿನ ಮೂಲ ಬಹುಮಟ್ಟಿಗೆ ಆಲ್ಟರ್ನೇಟರೇ. ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತಾ ಬ್ಯಾಟರಿಗೆ ಚಾರ್ಜ್ ತುಂಬುವುದು ಅದರ ಕೆಲಸ. ಎಂಜಿನ್ ನಿಂತಿದ್ದಾಗ ಸುಮಾರು 12.6 ವೋಲ್ಟ್ ಇರುವ ಬ್ಯಾಟರಿ, ಎಂಜಿನ್ ಓಡುವಾಗ 14ರ ಆಸುಪಾಸಿಗೆ ಏರುವುದು ಇದರ ದೆಸೆಯಿಂದ. ಆದರೆ ಆಲ್ಟರ್ನೇಟರಿನಲ್ಲಿ ಹುಟ್ಟುವುದು ಮನೆಯ ಕರೆಂಟಿನಂಥದೇ ಎಸಿ, ಅದೂ ಮೂರು ಫೇಸಿನದು. ಒಳಗಿರುವ ಆರು ಡಯೋಡುಗಳು ಅದನ್ನು ಡಿಸಿ ಮಾಡಿ ಹೊರಗೆ ಬಿಡುತ್ತವೆ. ಹೀಗೆ ಬಂದ ಡಿಸಿ ಹೊಸದಾಗಿ ಟಾರು ಹಾಕಿದ ಹಳ್ಳಿ ರಸ್ತೆಯ ಹಾಗೆ. ದೂರದಿಂದ ನೋಡಿದರೆ ನುಣುಪು, ಮೇಲೆ ಓಡಿಸಿದರೆ ಸಾಲು ಸಾಲು ಸಣ್ಣ ಉಬ್ಬು.

ಆ ಉಬ್ಬುಗಳ ಲೆಕ್ಕ ಹಾಕಬಹುದು. ಎಂಜಿನ್ ಸುಮ್ಮನೆ ಚಾಲೂ ಇದ್ದಾಗ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಎನ್ನಿ. ಆಲ್ಟರ್ನೇಟರಿನ ಪುಲ್ಲಿ ಚಿಕ್ಕದು. ಅದು ಮೂರು ಪಟ್ಟು ವೇಗದಲ್ಲಿ, ಅಂದರೆ 2,400 ಸುತ್ತು ತಿರುಗಿದರೆ ಸೆಕೆಂಡಿಗೆ 40 ಸುತ್ತಾಯಿತು. ಸಾಮಾನ್ಯವಾಗಿ ಅದರಲ್ಲಿ 12 ಧ್ರುವಗಳು, ಆರು ಜೊತೆ. ಸುತ್ತಿಗೆ ಆರು ಅಲೆ. ಮೂರು ಫೇಸನ್ನು ಡಯೋಡುಗಳು ಸೋಸಿದ ಮೇಲೆ ಅಲೆಗೆ ಆರು ಉಬ್ಬು. 40, 6, 6 ಗುಣಿಸಿದರೆ ಸೆಕೆಂಡಿಗೆ 1,440. ಎಂಜಿನ್ ವೇಗ 2,000ಕ್ಕೆ ಏರಿದರೆ ಇದು 3,600 ಆಗುತ್ತದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವೆ. ಹೆದ್ದಾರಿಯಲ್ಲಿ ಕಾರು ಹಾಯಾಗಿ ಓಡುವ ವೇಗದಲ್ಲೇ ಸೊಳ್ಳೆ ಬಂದು ಕೂರುವುದು ಕಿವಿಯ ಅತಿ ಸೂಕ್ಷ್ಮ ಜಾಗದಲ್ಲಿ.

ಆದರೆ ಈ ಉಬ್ಬುಗಳು ಎಲ್ಲ ಕಾರಿನಲ್ಲೂ ಇವೆ, ಸೊಳ್ಳೆ ಎಲ್ಲ ಕಾರಿನಲ್ಲೂ ಇಲ್ಲ. ಆಲ್ಟರ್ನೇಟರನ್ನು ದೂರಿ ಫಿಲ್ಟರ್ ಮಾರುವವರು ದಾಟಿ ಹೋಗುವುದು ಈ ಜಾಗವನ್ನೇ. ಉಬ್ಬು ಸ್ಪೀಕರಿನವರೆಗೆ ಯಾವ ದಾರಿಯಲ್ಲಿ ಬಂತು ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಹಾಸನದಲ್ಲಿ.

ನನ್ನ ಭಾವಮೈದ ಅಲ್ಲಿರುತ್ತಾನೆ. ಕಾರಿಂದ ಇಳಿಯುವ ಮೊದಲೇ ನನ್ನ ಗೋಳು ಕೇಳಿಸಿಕೊಂಡು, "ನಮ್ಮಲ್ಲೊಬ್ರು ಹಳೇ ಎಲೆಕ್ಟ್ರಿಷಿಯನ್ ಇದ್ದಾರೆ ಭಾವ, ಬೆಳಗ್ಗೆ ತೋರ್ಸೋಣ" ಎಂದ. ಮರುದಿನ ನೋಡಿದರೆ, ಲಾರಿ ಟ್ರ್ಯಾಕ್ಟರುಗಳ ವೈರಿಂಗ್ ಮಾಡುವ ಒಂದು ಶೆಡ್ಡು. ಅರವತ್ತು ದಾಟಿದ ಮನುಷ್ಯ. ಕಾರ್ ಸ್ಟೀರಿಯೊ ಅಂಗಡಿಯ ಬಣ್ಣದ ದೀಪ ಒಂದೂ ಇಲ್ಲ. ನನಗೆ ಅಷ್ಟೇನೂ ನಂಬಿಕೆ ಹುಟ್ಟಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಅವರು ಯಾವ ಸ್ಕ್ರೂಡ್ರೈವರನ್ನೂ ಕೈಗೆತ್ತಿಕೊಳ್ಳಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಕೂತರು. ಎಂಜಿನ್ ಆಫ್, ಹಾಡು ಆನ್: ಸದ್ದಿಲ್ಲ. ಎಂಜಿನ್ ಆನ್: ಸೊಂಯ್. ಆಮೇಲೆ ವಾಲ್ಯೂಮನ್ನು ಪೂರ್ತಿ ಸೊನ್ನೆಗೆ ಇಳಿಸಿದರು. ಹಾಡು ನಿಂತಿತು, ಸೊಳ್ಳೆ ನಿಲ್ಲಲಿಲ್ಲ.

"ವಾಲ್ಯೂಮ್‌ಗೆ ಬಗ್ತಾ ಇಲ್ಲ ನೋಡಿ ಸಾರ್. ಡೆಕ್ ಒಳಗೆ ಹುಟ್ಟಿದ್ದಲ್ಲ ಇದು. ಡೆಕ್ ದಾಟಿದ ಮೇಲೆ ಎಲ್ಲೋ ಹತ್ಕೊಂಡಿದೆ."

ಎಂಥ ಸರಳ ತರ್ಕ! ವಾಲ್ಯೂಮಿನ ಜೊತೆ ಸದ್ದೂ ಹೆಚ್ಚು ಕಡಿಮೆ ಆದರೆ ಅದು ವಾಲ್ಯೂಮಿಗಿಂತ ಮುಂಚೆ, ಅಂದರೆ ರೇಡಿಯೊ, ಫೋನು, ಆಂಟೆನಾ ಕಡೆಯಿಂದ ಬಂದದ್ದು. ಸದ್ದು ಕದಲದಿದ್ದರೆ ವಾಲ್ಯೂಮಿನ ಆಚೆಗೆ, ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲೋ ಆಂಪ್ಲಿಫೈಯರಿನಲ್ಲೋ ಸೇರಿಕೊಂಡದ್ದು. ಒಂದು ಗುಂಡಿ ತಿರುಗಿಸಿದ್ದರಲ್ಲಿ ಅರ್ಧ ಕಾರು ಅನುಮಾನದಿಂದ ಪಾರಾಯಿತು.

ಮುಂದೆ ಎಲ್ಲ ಆಫ್ ಮಾಡಿ, ಡಿಕ್ಕಿಯಲ್ಲಿ ಆಂಪ್ಲಿಫೈಯರಿಗೆ ಚುಚ್ಚಿದ್ದ, ಡೆಕ್ಕಿನಿಂದ ಹಾಡು ಹೊತ್ತು ತರುವ ಆರ್‌ಸಿಎ ಪಿನ್ನುಗಳನ್ನು ಕಿತ್ತರು. ಅವುಗಳ ಜಾಗಕ್ಕೆ ತಮ್ಮ ಡಬ್ಬಿಯಿಂದ ಎರಡು ಬೋಳು ಪಿನ್ನುಗಳನ್ನು ತೆಗೆದು ಹಾಕಿದರು. ನಡುವಿನ ಕಡ್ಡಿಗೂ ಹೊರಗಿನ ಬಳೆಗೂ ಬೆಸುಗೆ ಹಾಕಿ ಒಂದು ಮಾಡಿದ ಪಿನ್ನುಗಳವು. ಹಾಗೆ ಮಾಡಿದರೆ ಆಂಪ್ಲಿಫೈಯರಿಗೆ ಕೇಳಿಸುವುದು ಬರೀ ಮೌನ. ಎಂಜಿನ್ ಆನ್ ಮಾಡಿದರು. ನಿಶ್ಶಬ್ದ. "ಆಂಪು ಸರಿ ಇದೆ, ಅದಕ್ಕೆ ಬರೋ ಪ್ಲಸ್ಸೂ ಸರಿ ಇದೆ. ಈ ಫಿಲ್ಟರ್ ಯಾರು ಹಾಕಿದ್ದು?" ನಾನು ಮಾತು ಬದಲಾಯಿಸಿದೆ.

ಮೂರನೆಯದಾಗಿ ನನ್ನ ಫೋನನ್ನೇ ಒಂದು ವೈರಿನಿಂದ ನೇರವಾಗಿ ಆಂಪ್ಲಿಫೈಯರಿಗೆ ಕೊಟ್ಟರು. ಫೋನು ಸೀಟಿನ ಮೇಲೆ ತನ್ನದೇ ಬ್ಯಾಟರಿಯಲ್ಲಿ ಓಡುತ್ತಿತ್ತು, ಚಾರ್ಜರ್ ಇಲ್ಲ. ಪಿ.ಬಿ. ಶ್ರೀನಿವಾಸ್ ಹಾಡಿದರು, ಸೊಳ್ಳೆ ಹಾಡಲಿಲ್ಲ. ಅಲ್ಲಿಗೆ ಉಳಿದದ್ದು ಒಂದೇ: ಡೆಕ್ಕಿಗೂ ಆಂಪ್ಲಿಫೈಯರಿಗೂ ನಡುವಿನ ಅರ್ಥ್. ತೋಟದ ಪೈಪಿನಲ್ಲಿ ನೀರು ಎಲ್ಲಿ ಸೋರುತ್ತಿದೆ ಎಂದು ಗೇಟ್ ವಾಲ್ವುಗಳನ್ನು ಒಂದೊಂದಾಗಿ ಮುಚ್ಚುತ್ತಾ ನೋಡುವ ಕ್ರಮವೇ ಇದು. ಪೈಪು ಅಗೆಯುವುದು ಕೊನೆಗೆ.

ಅರ್ಥ್ ಎಂಬ ಮಾತೇ ಒಂದು ವಿನೋದ. ನಾಲ್ಕು ರಬ್ಬರ್ ಟೈರಿನ ಮೇಲೆ ನಿಂತ ಗಾಡಿಗೆ ಭೂಮಿಯ ಸಂಪರ್ಕವೇ ಇಲ್ಲ. ಕಾರಿನಲ್ಲಿ ಅರ್ಥ್ ಎಂದರೆ ಬಾಡಿ. ಪ್ಲಸ್ಸಿಗೆ ಮಾತ್ರ ವೈರು ಎಳೆಯುತ್ತಾರೆ. ದೀಪ, ಹಾರ್ನು, ಫ್ಯಾನು ಎಲ್ಲದರ ಮೈನಸ್ ಕರೆಂಟೂ ತಗಡಿನ ಮೈಯಲ್ಲೇ ಹರಿದು ಬ್ಯಾಟರಿಗೆ ಮರಳುತ್ತದೆ. ಆ ತಗಡು ಎಲ್ಲ ಕಡೆಯೂ ಒಂದೇ ಮಟ್ಟ ಎಂದು ನಾವು ಅಂದುಕೊಂಡಿರುತ್ತೇವೆ, ಕೆರೆಯ ನೀರು ಎಲ್ಲ ಕಡೆ ಒಂದೇ ಮಟ್ಟ ಎನ್ನುವ ಹಾಗೆ. ತೂಬು ತೆರೆದಾಗ ನೋಡಿ, ತೂಬಿನ ಬಳಿ ನೀರು ತುಸು ತಗ್ಗಿರುತ್ತದೆ. ಬಾಡಿಯಲ್ಲೂ ಕರೆಂಟು ಹರಿಯುವಾಗ ಡ್ಯಾಶ್‌ಬೋರ್ಡಿನ ಹಿಂದಿನ ಮಟ್ಟ ಒಂದು, ಡಿಕ್ಕಿಯ ಮಟ್ಟ ಇನ್ನೊಂದು. ನಡುವೆ ಒಂದು ಓಮ್‌ನ ಸಾವಿರದಲ್ಲಿ ಎರಡು ಭಾಗದಷ್ಟು ತಡೆ ಇದ್ದು 10 ಆಂಪಿಯರ್ ಹರಿದರೂ 20 ಮಿಲಿವೋಲ್ಟಿನ ವ್ಯತ್ಯಾಸ. ದೀಪಕ್ಕೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಡೆಕ್ಕಿನಿಂದ ಆಂಪ್ಲಿಫೈಯರಿಗೆ ಹೋಗುವ ಹಾಡಿನ ಸಿಗ್ನಲ್ ಜೋರೆಂದರೆ ಎರಡೋ ನಾಲ್ಕೋ ವೋಲ್ಟು, ಮೆಲ್ಲಗೆ ಕೇಳುವಾಗ ಅದು 100 ಮಿಲಿವೋಲ್ಟಿಗೂ ಕೆಳಗೆ. ಅದರ ಪಕ್ಕದಲ್ಲಿ 20 ಮಿಲಿವೋಲ್ಟ್ ಬಂದು ನಿಂತರೆ ಅದು ಸೊಳ್ಳೆಯಲ್ಲ, ಕಚೇರಿಯ ಮಧ್ಯೆ ಎದ್ದು ನಿಂತ ಸಭಿಕ.

ಆರ್‌ಸಿಎ ವೈರಿನ ಹೊರ ಜಾಲರಿ ಎರಡು ತುದಿಯಲ್ಲೂ ಅರ್ಥಿಗೇ ಸೇರಿರುತ್ತದೆ. ಡೆಕ್ಕಿಗೆ ಮುಂದೊಂದು ಅರ್ಥ್, ಆಂಪ್ಲಿಫೈಯರಿಗೆ ಹಿಂದೊಂದು ಅರ್ಥ್, ಎರಡರ ನಡುವೆ ಈ ಜಾಲರಿ. ಒಂದು ಸುತ್ತು ಪೂರ್ತಿಯಾಯಿತು. ಮಟ್ಟ ಸಮ ಮಾಡಲು ಕರೆಂಟು ಆ ಜಾಲರಿಯೊಳಗೂ ನುಗ್ಗುತ್ತದೆ, ಆಲ್ಟರ್ನೇಟರಿನ ಉಬ್ಬುಗಳನ್ನು ಬೆನ್ನ ಮೇಲೆ ಹೊತ್ತುಕೊಂಡೇ. ಹಾಡು ಯಾವುದು, ಉಬ್ಬು ಯಾವುದು ಎಂದು ಆಂಪ್ಲಿಫೈಯರಿಗೆ ತಿಳಿಯದು. ಎರಡನ್ನೂ ಶ್ರದ್ಧೆಯಿಂದ ದೊಡ್ಡದು ಮಾಡುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಪ್ಲಸ್ ವೈರಿನ ಫಿಲ್ಟರ್ ಇದನ್ನು ಏನೂ ಮಾಡಲಾರದು. ಕಳ್ಳ ಹಿತ್ತಲಿಂದ ಬರುವಾಗ ಮುಂಬಾಗಿಲಿಗೆ ಇನ್ನೊಂದು ಚಿಲಕ ಹಾಕಿದಂತೆ.

ಅವರು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಉದ್ದ ವೈರಿನಿಂದ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಆಂಪ್ಲಿಫೈಯರಿನ ಅರ್ಥ್ ಟರ್ಮಿನಲ್ಲಿಗೆ ಹಿಡಿದು, ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಹಾಡು ಜೋರು ಮಾಡಿದರು. ಮೀಟರು 0.4 ವೋಲ್ಟ್ ತೋರಿಸಿತು. 0.1 ದಾಟಬಾರದಂತೆ. ಕಾರ್ಪೆಟ್ ಸರಿಸಿ ನೋಡಿದರೆ, ಅರ್ಥ್ ವೈರಿನ ಲಗ್ಗನ್ನು ಬಾಡಿಯ ಬೋಲ್ಟೊಂದಕ್ಕೆ ಪೇಂಟಿನ ಮೇಲೆಯೇ ಬಿಗಿದಿದ್ದರು. ಪೇಂಟ್ ಎಂದರೆ ಕರೆಂಟಿಗೆ ಗೋಡೆ. ಬೋಲ್ಟಿನ ಮರೆಗಳಲ್ಲಿ ಎಲ್ಲೋ ಚೂರುಪಾರು ಸಿಕ್ಕ ದಾರಿಯಲ್ಲಿ ನನ್ನ ಆಂಪ್ಲಿಫೈಯರ್ ಉಸಿರಾಡುತ್ತಿತ್ತು. ಎಮರಿ ಪೇಪರಿನಿಂದ ತಗಡು ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ತುಕ್ಕು ಹಿಡಿಯದಿರಲೆಂದು ಮೇಲೆ ಗ್ರೀಸು ಸವರಿದರು. ಸೊಳ್ಳೆ ಮುಕ್ಕಾಲು ಪಾಲು ಸತ್ತಿತು. ಡೆಕ್ಕಿನ ಹಿಂದಿನ ಸಣ್ಣ ಅರ್ಥ್ ವೈರನ್ನೂ ಬಿಚ್ಚಿ ಗಟ್ಟಿ ಜಾಗಕ್ಕೆ ಹಾಕಿದ ಮೇಲೆ ಉಳಿದ ಕಾಲೂ ಹೋಯಿತು. ಒಟ್ಟು ಮುಕ್ಕಾಲು ಗಂಟೆಯ ಕೆಲಸ. ಅರ್ಥ್ ಕೆಟ್ಟರೆ ಅನರ್ಥ ಎಂದು ನಾನು ಚಮತ್ಕಾರ ಮಾಡಲು ಹೋದೆ, ಅವರು ನಗಲಿಲ್ಲ. ಆ ಮಾತನ್ನು ಅವರು ಎಷ್ಟು ಗಿರಾಕಿಗಳಿಂದ ಕೇಳಿದ್ದಾರೋ. ಫಿಲ್ಟರ್ ಬಿಚ್ಚಿ ನನ್ನ ಕೈಗಿಟ್ಟರು.

ಕರಾವಳಿಯವರಿಗೆ ಇಲ್ಲೊಂದು ಮಾತು. ಅಂಗಡಿಯವರು ಸರಿಯಾಗಿಯೇ ಹಾಕಿದ ಅರ್ಥ್ ಕೂಡ ಉಪ್ಪುಗಾಳಿಗೆ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿಯಬಹುದು. ಹೊಸದರಲ್ಲಿ ಇಲ್ಲದ ಸದ್ದು ಈಗ ಶುರುವಾಗಿದ್ದರೆ ಮೊದಲು ಆ ಬೋಲ್ಟನ್ನು, ಬ್ಯಾಟರಿಯ ಮೈನಸ್ ಪಟ್ಟಿಯನ್ನು ಬಿಚ್ಚಿ ನೋಡಿ. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಅರ್ಥಿಗೆ ಬಳಸಲು ಬಿಡಬೇಡಿ. ಅದು ಅಂಗಡಿಯವರಿಗೆ ಕೈಗೆಟುಕುವ ಗಟ್ಟಿ ಬೋಲ್ಟು ನಿಜ, ಆದರೆ ಅದರ ಕೆಲಸ ಬೇರೆ.

ಕಾರಿನಲ್ಲಿ ಹಾಡು ಕೇಳುವ ಆಸೆ ಹುಟ್ಟಿದ ದಿನದಿಂದಲೂ ಈ ಜಗಳ ಇದೆ. ಶಿಕಾಗೋದ ಪಾಲ್ ಗ್ಯಾಲ್ವಿನ್ 1930ರಲ್ಲಿ ತನ್ನ ಸ್ಟುಡಿಬೇಕರ್ ಕಾರಿಗೆ ರೇಡಿಯೊ ಕೂರಿಸಿ, ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೊ ತಯಾರಕರ ಸಮ್ಮೇಳನಕ್ಕೆ ಓಡಿಸಿಕೊಂಡು ಹೋದ. ಕಾರನ್ನು ಹೊರಗೇ ನಿಲ್ಲಿಸಿ ಹೋಗಿಬರುವವರಿಗೆ ಕೇಳಿಸಿದ. ಆ ರೇಡಿಯೊಗೆ ಇಟ್ಟ ಹೆಸರೇ ಮೋಟೊರೋಲಾ. ಅವನ ಜೊತೆಗಾರರಾದ ವಿಲಿಯಂ ಲಿಯರ್, ಎಲ್ಮರ್ ವೇವರಿಂಗ್ ತಲೆ ಕೆಡಿಸಿಕೊಂಡದ್ದು ಮುಖ್ಯವಾಗಿ ಸ್ಪಾರ್ಕ್ ಪ್ಲಗ್ಗಿನ ಚಟಪಟದ ಮೇಲೆ. ಹೈನ್ರಿಖ್ ಹರ್ಟ್ಸ್ 1887ರಲ್ಲಿ ಪ್ರಯೋಗಾಲಯದಲ್ಲಿ ರೇಡಿಯೊ ತರಂಗ ಹುಟ್ಟಿಸಿದ್ದು ಕಿಡಿಯಿಂದ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಸುಮ್ಮನೆ ಚಾಲೂ ಇದ್ದರೂ ಸೆಕೆಂಡಿಗೆ ಇಪ್ಪತ್ತೈದು ಮೂವತ್ತು ಕಿಡಿ ಹಾರಿಸುತ್ತದೆ. ರೇಡಿಯೊ ಪಕ್ಕದಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡಂತೆ. ಅದಕ್ಕೆ ಕಂಡುಕೊಂಡ ಮದ್ದು ಕಿಡಿಯ ದಾರಿಯಲ್ಲಿ ತಡೆ ಇಡುವುದು. ಇಂದಿಗೂ ಅದೇ. ಪ್ಲಗ್ ಕೊಳ್ಳುವಾಗ ನಂಬರಿನಲ್ಲಿ 'ಆರ್' ಅಕ್ಷರ ಕಂಡರೆ ಒಳಗೆ ಸುಮಾರು 5,000 ಓಮ್ ತಡೆ ಇದೆ ಎಂದರ್ಥ. ಅದಿಲ್ಲದ ಅಗ್ಗದ ಪ್ಲಗ್ ಹಾಕಿಸಿದ ಮೇಲೆ ರೇಡಿಯೊ ಗೊರಗುಟ್ಟಿದರೆ ಆಶ್ಚರ್ಯವಿಲ್ಲ. ಡೀಸೆಲ್ ಗಾಡಿಗೆ ಕಿಡಿಯೇ ಇಲ್ಲ, ಅಲ್ಲಿ ಪ್ಲಗ್ ಬದಲಾಯಿಸಿ ಎನ್ನುವವರ ಅಂಗಡಿಯನ್ನೇ ಬದಲಾಯಿಸಬಹುದು. ಕಿಡಿಯ ಸದ್ದಿನ ವಿರುದ್ಧ ಹೋರಾಡಿದ ವೇವರಿಂಗ್, ಮುಂದೆ ಮೋಟೊರೋಲಾದಲ್ಲಿ ಕಾರಿನ ಆಲ್ಟರ್ನೇಟರ್ ಅಭಿವೃದ್ಧಿಯ ಹಿಂದೆ ನಿಂತವರಲ್ಲಿ ಒಬ್ಬ. ಒಂದು ಸೊಳ್ಳೆ ಹೊಡೆದು ಇನ್ನೊಂದಕ್ಕೆ ಮೊಟ್ಟೆಯಿಡಲು ಜಾಗ ಮಾಡಿಕೊಟ್ಟ ಪುಣ್ಯಾತ್ಮ.

ಆಂಪ್ಲಿಫೈಯರ್ ಹಾಕಿಸದವರಿಗೂ ಸೊಳ್ಳೆ ಕಾಟ ಬರುವ ದಾರಿ ಒಂದಿದೆ. ಫೋನನ್ನು ಆಕ್ಸ್ ವೈರಿನಿಂದ ಡೆಕ್ಕಿಗೆ ಕೊಟ್ಟು, ಅದೇ ಫೋನನ್ನು ಸಿಗರೇಟ್ ಲೈಟರ್ ಸಾಕೆಟ್ಟಿನ ಚಾರ್ಜರಿಗೂ ಚುಚ್ಚುವುದು. ಫೋನಿಗೆ ಈಗ ಎರಡು ಅರ್ಥ್, ಮತ್ತದೇ ಸುತ್ತು. ಚಾರ್ಜರ್ ಕಿತ್ತ ಕೂಡಲೇ ಸದ್ದು ನಿಂತರೆ ರೋಗ ಗೊತ್ತಾದಂತೆ. ಬ್ಲೂಟೂತ್ ಬಳಸಿದರೆ ತಂತಿಯೇ ಇಲ್ಲದ್ದರಿಂದ ಸುತ್ತೂ ಇಲ್ಲ. ಹಳೇ ಡೆಕ್ಕಿಗೆ ಬ್ಲೂಟೂತ್ ಇಲ್ಲವೆಂದರೆ, ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಳಗಿರುವುದು ಎರಡು ಚಿಕ್ಕ ಟ್ರಾನ್ಸ್‌ಫಾರ್ಮರ್. ಹಾಡು ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಾಮ್ರದ ಸಂಪರ್ಕ ತುಂಡಾಗುತ್ತದೆ. ಆಕ್ಸ್ ವೈರಿಗೆ ಇದು ಸಾಕು. ಸಬ್‌ವೂಫರಿನ ದಾರಿಗೆ ಹಾಕಿಸಬೇಡಿ. ಅಗ್ಗದ ಟ್ರಾನ್ಸ್‌ಫಾರ್ಮರ್ ತಗ್ಗು ಸ್ವರಗಳನ್ನು ನುಂಗಿಬಿಡುತ್ತದೆ, ದುಡ್ಡು ಕೊಟ್ಟು ಕೊಂಡ ಮೃದಂಗ ಖಂಜಿರವಾಗುತ್ತದೆ.

ಎಫ್‌ಎಂನಲ್ಲಿ ಮಾತ್ರ ಗೊರ ಗೊರ, ಬ್ಲೂಟೂತಿನಲ್ಲಿ ಸ್ವಚ್ಛ ಎಂದಾದರೆ ಸದ್ದು ಬರುತ್ತಿರುವುದು ಆಂಟೆನಾದಿಂದ. ಈಚೆಗೆ ಇದರ ಆರೋಪಿಗಳು ಡ್ಯಾಶ್ ಕ್ಯಾಮೆರಾ, ಯುಎಸ್‌ಬಿ ಚಾರ್ಜರ್, ಆಮೇಲೆ ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್. ಇವುಗಳೊಳಗೆ 12 ವೋಲ್ಟನ್ನು ಐದಕ್ಕೋ ಮತ್ತೊಂದಕ್ಕೋ ಇಳಿಸುವ ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುತ್ತಿರುತ್ತದೆ, ಅದರ ಸಿಡಿತ ಎಫ್‌ಎಂ ತನಕ ಹಾರುತ್ತದೆ. ಬೆಂಗಳೂರಿನವರು 102.9ರ ವಿವಿಧ ಭಾರತಿ ಹಾಕಿಟ್ಟು, ಒಂದೊಂದೇ ಪ್ಲಗ್ ಕಿತ್ತು ಕೇಳಿದರೆ ಕಳ್ಳ ಐದು ನಿಮಿಷದಲ್ಲಿ ಸಿಗುತ್ತಾನೆ. ಶಿರಾಡಿ ಘಾಟಿಯಲ್ಲಿ ಬರುವ ಗೊರಗೊರಕ್ಕೆ ಮಾತ್ರ ಕಾರಿನಲ್ಲಿ ಏನನ್ನೂ ಬಿಚ್ಚಬೇಡಿ, ಅದು ಬೆಟ್ಟದ ತಪ್ಪು.

ಸಮನಾಗಿ ಬುಸ್ ಎನ್ನುವ ಸದ್ದಿದ್ದರೆ ಬಹುಪಾಲು ಆಂಪ್ಲಿಫೈಯರಿನ ಗೇನ್ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟಿರುತ್ತಾರೆ. ಅದನ್ನು ಎರಡನೇ ವಾಲ್ಯೂಮ್ ಎಂದುಕೊಂಡವರೇ ಹೆಚ್ಚು. ಡೆಕ್ಕಿನಿಂದ ಬರುವ ಸಿಗ್ನಲ್ ಎಷ್ಟಿದೆಯೋ ಅದಕ್ಕೆ ತಾಳೆ ಮಾಡುವ ಗುಂಡಿ ಅದು. ಫೋನ್ ರಿಂಗಾಗುವ ಮುನ್ನವೇ ಸ್ಪೀಕರಿನಲ್ಲಿ ಟಿಡಿಕ್ ಟಿಡಿಕ್ ಎನ್ನುತ್ತಿದ್ದ ಕಾಲ ನೆನಪಿದೆಯೇ? 2ಜಿ ಫೋನು ಸೆಕೆಂಡಿಗೆ 217 ಸಲ ತುಂಡು ತುಂಡಾಗಿ ತರಂಗ ಉಗುಳುತ್ತಿದ್ದುದರ ಫಲ ಅದು. 4ಜಿ ಬಂದ ಮೇಲೆ ಹೆಚ್ಚೂಕಡಿಮೆ ಮಾಯವಾಯಿತು, ಒಂದು ಸದ್ದು ತಾನಾಗೇ ಹೋದ ಅಪರೂಪದ ಪ್ರಸಂಗ.

ಇಷ್ಟೆಲ್ಲ ನೋಡಿದ ಮೇಲೂ ಸೊಳ್ಳೆ ಉಳಿದರೆ ಆಗ ಆಲ್ಟರ್ನೇಟರನ್ನು ಅನುಮಾನಿಸಿ. ಎಂಜಿನ್ ಓಡುವಾಗ ಮಲ್ಟಿಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗೆ ಹಿಡಿದರೆ 0.1 ವೋಲ್ಟಿನ ಒಳಗಿರಬೇಕು. ಅರ್ಧ ವೋಲ್ಟ್ ದಾಟಿದ್ದರೆ ಆರರಲ್ಲಿ ಒಂದು ಡಯೋಡ್ ಹೋಗಿರುವ ಸಾಧ್ಯತೆ ಇದೆ. ಹಾಡಿನ ಚಿಂತೆ ಬಿಟ್ಟು ಬ್ಯಾಟರಿಯ ಚಿಂತೆ ಮಾಡಬೇಕಾದ ಹೊತ್ತು ಅದು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ಚಾರ್ಜಿಂಗ್ ಪರೀಕ್ಷಿಸುವ ಹಳೇ ಕಾಲದ ಅಭ್ಯಾಸವನ್ನು ಯಾರಾದರೂ ನಿಮ್ಮ ಕಾರಿನ ಮೇಲೆ ತೋರಿಸ ಹೊರಟರೆ ಕೈ ಹಿಡಿದು ನಿಲ್ಲಿಸಿ. ಡೈನಮೋ ಕಾಲದ ಅಂಬಾಸಡರಿಗೆ ಅದು ನಡೆಯಿತು. ಈಗಿನ ಗಾಡಿಯಲ್ಲಿ ಆ ಕ್ಷಣಕ್ಕೆ ಹತ್ತಾರು ವೋಲ್ಟ್ ಚಿಮ್ಮಿ ಎಂಜಿನ್ನಿನ ಕಂಪ್ಯೂಟರನ್ನೇ ಸುಡಬಹುದು. ಆಂಪ್ಲಿಫೈಯರ್ ಆನ್ ಇರುವಾಗ ಆರ್‌ಸಿಎ ಕೀಳುವುದೂ ಬೇಡ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ಮತ್ತೆ, ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋದ ದಪ್ಪ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇದೆಯೇ ಎಂದು ಇವತ್ತೇ ಬಾನೆಟ್ ಎತ್ತಿ ನೋಡಿ. ಸೊಳ್ಳೆಯ ಸದ್ದು ತಡೆದುಕೊಳ್ಳಬಹುದು, ವೈರಿನ ಬೆಂಕಿ ಆಗದು.

"ಎಲೆಕ್ಟ್ರಿಕ್ ಕಾರು ತಗೊಂಡ್ರೆ ಆಲ್ಟರ್ನೇಟರೇ ಇರಲ್ವಲ್ಲ ಭಾವ" ಎಂದ ಭಾವಮೈದ, ಶೆಡ್ಡಿನಿಂದ ಹೊರಡುವಾಗ. ಇರುವುದಿಲ್ಲ ನಿಜ. ಬದಲಿಗೆ ಬ್ಯಾಟರಿಯ ನೂರಾರು ವೋಲ್ಟನ್ನು ಕತ್ತರಿಸಿ ಕತ್ತರಿಸಿ ಮೋಟಾರಿಗೆ ಉಣಿಸುವ ಇನ್ವರ್ಟರ್ ಇರುತ್ತದೆ. ಅದರ ಸಿಡಿತ ಮೀಡಿಯಂ ವೇವ್ ಪಟ್ಟಿಯ ಮೇಲೆ ಎಷ್ಟು ಜೋರೆಂದರೆ, ಕೆಲವು ಕಂಪನಿಗಳು ಸೋಸುವ ಗೋಜಿಗೇ ಹೋಗದೆ ಕಾರಿನಿಂದ ಎಎಂ ರೇಡಿಯೊವನ್ನೇ ತೆಗೆದುಹಾಕಿವೆ. ಇದನ್ನು ತಡೆಯಲು ಅಮೆರಿಕದ ಸಂಸತ್ತಿನಲ್ಲಿ 2023ರಲ್ಲಿ ಮಸೂದೆಯೂ ಮಂಡನೆಯಾಯಿತು. 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಕೇಳುವ ಅಭ್ಯಾಸ ಅವನಿಗಿಲ್ಲ, ಹಾಗಾಗಿ ಅವನಿಗೆ ಇದರಿಂದ ಬೇಸರವೇನೂ ಆಗಲಿಲ್ಲ.

ಮರಳುವ ದಾರಿಯಲ್ಲಿ ಚನ್ನರಾಯಪಟ್ಟಣದವರೆಗೂ ಹಾಡು ಹಾಡಾಗಿಯೇ ಇತ್ತು. ಆಮೇಲೆ ತಬಲಾದ ಎಡಗೈ ಪೆಟ್ಟು ಬಿದ್ದಾಗಲೆಲ್ಲ ಹಿಂದಿನಿಂದ ಗಿರ್ ಎಂದು ಏನೋ ಅದುರತೊಡಗಿತು. ಫಿಲ್ಟರ್ ಮತ್ತೆ ಹಾಕಿಸಬೇಕೇನೋ ಎಂದು ನನ್ನ ಎದೆ ಧಸಕ್ಕೆಂದಿತು. "ಕಾರ್ ನಿಲ್ಸಿ ಅಪ್ಪಾ, ಎಂಜಿನ್ ಆಫ್ ಮಾಡಿ, ಹಾಡು ಇರ್ಲಿ" ಎಂದಳು ಮಗಳು. ಆಫ್ ಮಾಡಿದೆ. ಗಿರ್ ಹೋಗಲಿಲ್ಲ. "ವಾಲ್ಯೂಮ್ ಇಳ್ಸಿ." ಇಳಿಸಿದೆ, ನಿಂತಿತು. "ಮತ್ತೆ ಏರ್ಸಿ" ಎನ್ನುತ್ತಾ ಇಳಿದು ಹಿಂದಕ್ಕೆ ಹೋದವಳು ನಂಬರ್ ಪ್ಲೇಟಿನ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಪಕ್ಕದ ಪಂಕ್ಚರ್ ಅಂಗಡಿಯವನು ಸೈಕಲ್ ಟ್ಯೂಬಿನ ಎರಡು ತುಂಡು ಕತ್ತರಿಸಿ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.